ಹೊಸ್ತಿಲು ದಾಟಿದ ನಕಲು

1976ರ ನವೆಂಬರಿನಲ್ಲಿ ಯೂನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೋಗಳು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ಸೋನಿ ಕಂಪನಿಯ ಮೇಲೆ ದಾವೆ ಹೂಡಿದವು. ಸೋನಿಯ ಬೀಟಾಮ್ಯಾಕ್ಸ್ ಯಂತ್ರವಿದ್ದರೆ ಟಿವಿಯಲ್ಲಿ ಬರುವ ಸಿನಿಮಾವನ್ನು ಮನೆಯಲ್ಲೇ ಟೇಪಿಗೆ ಇಳಿಸಿಕೊಳ್ಳಬಹುದಿತ್ತು; ಅದು ತಮ್ಮ ಹಕ್ಕುಸ್ವಾಮ್ಯಕ್ಕೆ ಹಾಕಿದ ಕನ್ನ ಎಂಬುದು ಸ್ಟುಡಿಯೋಗಳ ದೂರು. ಪ್ರತಿವಾದಿಗಳಲ್ಲಿ ಸೋನಿಯ ಜೊತೆ ಅದರ ಜಾಹೀರಾತು ಏಜೆನ್ಸಿ, ಯಂತ್ರ ಮಾರಿದ ಅಂಗಡಿಗಳು, ಕೊನೆಗೆ ಯಂತ್ರ ಕೊಂಡ ಒಬ್ಬ ಗಿರಾಕಿಯ ಹೆಸರೂ ಇತ್ತು. ತನ್ನ ಮನೆಗೆಂದು ಟೇಪು ಮಾಡಿಕೊಂಡವನು ಆ ಪಟ್ಟಿಯಲ್ಲಿ ಅವನೊಬ್ಬನೇ. ಆದರೂ ಅವನಿಂದ ಬಿಡಿಗಾಸು ಪರಿಹಾರವನ್ನೂ ಸ್ಟುಡಿಯೋಗಳು ಕೇಳಲಿಲ್ಲ. ಕಳ್ಳತನವಾಯಿತೆಂದು ಕೂಗಿ, ಕಳ್ಳನೆಂದು ತಾವೇ ತೋರಿಸಿದವನನ್ನು ಬಿಟ್ಟು, ಅವನಿಗೆ ಏಣಿ ಮಾರಿದವನ ಕೊರಳಪಟ್ಟಿ ಹಿಡಿದಂತೆ ಇತ್ತು ಅದು. ಇದನ್ನು ಬರೀ ವಕೀಲರ ಜಾಣತನ ಎಂದು ತಳ್ಳಿಹಾಕಬಾರದು. ಮನೆಯಲ್ಲಿ ಸಿನಿಮಾ ನಕಲು ಮಾಡಿಕೊಳ್ಳುವುದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಯಾವ ದೇಶದಲ್ಲಿ ಎತ್ತಿದರೂ ಕಾನೂನು ಹೊಸ್ತಿಲ ತನಕ ಬಂದು ಅಲ್ಲಿ ತಡವರಿಸಿದೆ. ನಕಲು ಮಾಡುವುದು ಒಂದು ಕೆಲಸ, ಹಂಚುವುದು ಬೇರೆಯೇ ಕೆಲಸ. ತಪ್ಪಿನ ಭಾರವೆಲ್ಲ ಬೀಳಬೇಕಾದದ್ದು ಎರಡನೆಯದರ ಮೇಲೆ ಎಂಬ ವಿವೇಕ ಆ ತಡವರಿಕೆಯಲ್ಲಿತ್ತು ಎಂಬುದು ಈ ಬರಹದ ವಾದ. ಈಚೆಗೆ ಹೊಸ್ತಿಲೇ ಜಾಗ ಬದಲಿಸಿರುವುದರಿಂದ ಆ ವಿವೇಕವನ್ನು ಮತ್ತೆ ತಿದ್ದಿಕೊಳ್ಳಬೇಕಾಗಿದೆ.

ಈ ತಡವರಿಕೆ ಮೊದಲು ಸ್ಪಷ್ಟವಾಗಿ ಕಂಡದ್ದು ಜರ್ಮನಿಯಲ್ಲಿ, ಅದೂ ಸಿನಿಮಾಕ್ಕಿಂತ ಮುಂಚೆ ಸಂಗೀತದ ವಿಷಯದಲ್ಲಿ. ಟೇಪ್ ರೆಕಾರ್ಡರಿನಲ್ಲಿ ಹಾಡು ಇಳಿಸಿಕೊಳ್ಳುವುದು ಮನೆಯೊಳಗಾದರೂ ಹಕ್ಕಿನ ಉಲ್ಲಂಘನೆಯೇ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1955ರಲ್ಲಿ ಹೇಳಿತು. ತೀರ್ಪೇನೋ ಬಂತು, ವಸೂಲಿ ಹೇಗೆ? ಸಂಗೀತಗಾರರ ಹಕ್ಕು ನೋಡಿಕೊಳ್ಳುವ ಗೇಮಾ ಸಂಸ್ಥೆ ಒಂದು ಉಪಾಯ ಹುಡುಕಿತು: ಟೇಪ್ ರೆಕಾರ್ಡರ್ ಮಾರುವಾಗ ಗಿರಾಕಿಯ ಗುರುತಿನ ಚೀಟಿ ನೋಡಿ, ಹೆಸರು ವಿಳಾಸ ಬರೆದು ತನಗೆ ಕಳಿಸಬೇಕು. 1964ರಲ್ಲಿ ಅದೇ ನ್ಯಾಯಾಲಯ ಈ ಬೇಡಿಕೆಯನ್ನು ತಳ್ಳಿಹಾಕಿತು. ಹೆಸರು ವಿಳಾಸ ಕೊಟ್ಟರೆ ಮುಂದಿನ ಹೆಜ್ಜೆ ಮನೆಯೊಳಗೆ ಹೋಗಿ ನೋಡುವುದೇ ತಾನೆ? ಅದು ಆಗಕೂಡದು ಎಂಬುದು ನ್ಯಾಯಾಲಯದ ನಿಲುವು. ಹತ್ತೊಂಬತ್ತು ವರ್ಷಗಳ ಹಿಂದಷ್ಟೇ ನಾಜಿ ಆಡಳಿತದಿಂದ ಬಿಡಿಸಿಕೊಂಡಿದ್ದ ದೇಶದಲ್ಲಿ ಮನೆಯ ಏಕಾಂತದ ಬೆಲೆ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮರುವರ್ಷದ ಹೊಸ ಕಾಯ್ದೆ ಮನೆಬಳಕೆಯ ನಕಲಿಗೆ ಒಪ್ಪಿಗೆ ಕೊಟ್ಟು, ಯಂತ್ರ ತಯಾರಿಸುವ ಕಂಪನಿ ಮಾರಾಟದ ಬೆಲೆಯ ಶೇಕಡಾ 5ರವರೆಗೆ ಹಕ್ಕುದಾರರಿಗೆ ಕೊಡಬೇಕೆಂದು ವಿಧಿಸಿತು. ಕಲಾವಿದನಿಗೆ ದುಡ್ಡು ಸೇರಿತು, ಪೊಲೀಸರು ಮಾತ್ರ ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾಗಲಿಲ್ಲ.

ಅಮೆರಿಕದ್ದು ಬೇರೆ ದಾರಿ. ಒಂದು ಚಾನೆಲ್ಲಿನಲ್ಲಿ ‘ಕೋಜಾಕ್’ ಬರುವ ಹೊತ್ತಿಗೆ ಇನ್ನೊಂದರಲ್ಲಿ ‘ಕೊಲಂಬೋ’ ಬಂದರೂ ಎರಡನ್ನೂ ನೋಡಬಹುದು ಎಂದು ಸೋನಿ ಜಾಹೀರಾತು ಕೊಟ್ಟಿತ್ತು. ಎರಡೂ ಯೂನಿವರ್ಸಲ್‌ನವರ ಧಾರಾವಾಹಿಗಳೇ. ಅವರ ಹೊಟ್ಟೆ ಉರಿದದ್ದರಲ್ಲಿ ಆಶ್ಚರ್ಯವಿಲ್ಲ. ಕೆಳಗಿನ ನ್ಯಾಯಾಲಯ 1979ರಲ್ಲಿ ಸೋನಿಯ ಪರ, ಮೇಲ್ಮನವಿಯ ನ್ಯಾಯಾಲಯ 1981ರಲ್ಲಿ ಸ್ಟುಡಿಯೋಗಳ ಪರ ತೀರ್ಪಿತ್ತವು. ಮಧ್ಯೆ, 1982ರಲ್ಲಿ, ಸ್ಟುಡಿಯೋಗಳ ಸಂಘದ ಅಧ್ಯಕ್ಷ ಜ್ಯಾಕ್ ವಾಲೆಂಟಿ ಸಂಸತ್ತಿನ ಸಮಿತಿಯ ಮುಂದೆ, ಮನೆಯಲ್ಲಿ ಒಂಟಿಯಾಗಿರುವ ಹೆಣ್ಣಿಗೆ ಬಾಸ್ಟನ್ನಿನ ಕತ್ತು ಹಿಸುಕುವ ಕೊಲೆಗಾರ ಹೇಗೋ ಸಿನಿಮಾದವರಿಗೆ ವಿಸಿಆರ್ ಹಾಗೆ ಎಂದರು. 1984ರ ಜನವರಿ 17ರಂದು ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಸೋನಿಯನ್ನು ಉಳಿಸಿತು. ಜನ ಮುಖ್ಯವಾಗಿ ಮಾಡುತ್ತಿರುವುದು ರಾತ್ರಿಯ ಕಾರ್ಯಕ್ರಮವನ್ನು ಟೇಪಿಗೆ ಹಾಕಿಟ್ಟು ಬೆಳಿಗ್ಗೆ ನೋಡಿ ಅಳಿಸುವುದು. ಅದು ನ್ಯಾಯವಾದ ಬಳಕೆ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಬರೆದರು. ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್, ಮನೆಮಂದಿ ತಮ್ಮ ಕಾರ್ಯಕ್ರಮವನ್ನು ಅನುಕೂಲವಾದ ಹೊತ್ತಿಗೆ ನೋಡಿದರೆ ತಮಗೇನೂ ಅಡ್ಡಿಯಿಲ್ಲ ಎಂದು ಹೇಳಿದ ಸಾಕ್ಷ್ಯ ತೀರ್ಪಿನಲ್ಲಿ ಜಾಗ ಪಡೆಯಿತು.

ಆದರೆ ಅಳಿಸದೆ ಇಟ್ಟುಕೊಂಡರೆ? ಕಪಾಟಿನ ತುಂಬ ಕ್ಯಾಸೆಟ್ ಜೋಡಿಸಿ ಸ್ವಂತ ಸಂಗ್ರಹ ಮಾಡಿಕೊಂಡರೆ? ಬಹುಮತದ ತೀರ್ಪು ನಿಂತದ್ದೆಲ್ಲ ನೋಡಿ ಅಳಿಸುವ ಅಭ್ಯಾಸದ ಮೇಲೆ. ಸಂಗ್ರಹದ ಪ್ರಶ್ನೆಗೆ ಅದು ನೇರವಾಗಿ ಉತ್ತರ ಕೊಡಲಿಲ್ಲ. ದಾವೆಯಲ್ಲಿ ಹೆಸರಿಗಷ್ಟೇ ಇದ್ದ ಆ ಗಿರಾಕಿಯ ಬಗ್ಗೆ ತೀರ್ಪಿನಲ್ಲೊಂದು ಸ್ವಾರಸ್ಯವಾದ ಅಡಿಟಿಪ್ಪಣಿ ಇದೆ. ಅವನು ಯಂತ್ರ ಕೊಂಡದ್ದು ನೋಡಿ ಅಳಿಸುವುದಕ್ಕಷ್ಟೇ ಅಲ್ಲ, ಸಂಗ್ರಹ ಮಾಡುವ ಆಸೆಯಿಂದಲೂ. ಖಾಲಿ ಕ್ಯಾಸೆಟ್ಟಿನ ಬೆಲೆ ಕೈ ಕಚ್ಚಿದ್ದರಿಂದ ಹಳೆಯವನ್ನು ಅಳಿಸಿ ಅವುಗಳ ಮೇಲೇ ಹೊಸತನ್ನು ಟೇಪು ಮಾಡತೊಡಗಿದ. ಅಂದರೆ ಅವನನ್ನು ಕಟ್ಟಿಹಾಕಿದ್ದು ಕಾಯ್ದೆಯಲ್ಲ, ಕ್ಯಾಸೆಟ್ಟಿನ ದರ. ಇನ್ನು ವಾಲೆಂಟಿ ಹೆದರಿಸಿದ ಕೊಲೆಗಾರ ಮಾಡಿದ್ದಾದರೂ ಏನು? ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಹಾಲಿವುಡ್‌ಗೆ ಥಿಯೇಟರಿಗಿಂತ ಹೆಚ್ಚು ಹಣ ಕ್ಯಾಸೆಟ್ಟಿನಿಂದ ಬರತೊಡಗಿತ್ತು.

ನಮ್ಮಲ್ಲಿ ವಿಸಿಆರ್ ಮನೆಗಳಿಗೆ ನುಗ್ಗಿದ್ದು 1982ರ ಏಷ್ಯನ್ ಕ್ರೀಡಾಕೂಟ ಮತ್ತು ಕಲರ್ ಟಿವಿಯ ಹಿಂದೆ ಹಿಂದೆಯೇ. ಕೊಲ್ಲಿ ದೇಶಗಳಿಂದ ಬಂದವರ ಸೂಟ್‌ಕೇಸಿನಲ್ಲಿ ಯಂತ್ರವೂ ಕ್ಯಾಸೆಟ್ಟೂ ಜೊತೆಯಾಗಿ ಇಳಿದವು. ವಿಸಿಆರ್ ಕೊಳ್ಳುವ ಶಕ್ತಿ ಕೆಲವರಿಗಷ್ಟೇ ಇದ್ದುದರಿಂದ ಇಲ್ಲಿ ಬಾಡಿಗೆಯ ಲೋಕವೊಂದು ಹುಟ್ಟಿಕೊಂಡಿತು: ಬೀದಿಗೊಂದು ವಿಡಿಯೋ ಲೈಬ್ರರಿ, ಊರಿಗೊಂದು ವಿಡಿಯೋ ಪಾರ್ಲರ್, ರಾತ್ರಿ ಪ್ರಯಾಣಕ್ಕೆ ವಿಡಿಯೋ ಕೋಚ್ ಬಸ್ಸು, ಗಣಪತಿ ಕೂರಿಸಿದಾಗ ಟಿವಿ ವಿಸಿಪಿ ಬಾಡಿಗೆಗೆ ತಂದು ಬೆಳಗಾಗುವ ತನಕ ಮೂರು ಸಿನಿಮಾ. ನಿರ್ಮಾಪಕರು ಥಿಯೇಟರಿನ ಗಳಿಕೆಗೆ ಕುತ್ತು ಬರುತ್ತದೆಂದು ದೇಶದೊಳಗೆ ವಿಡಿಯೋ ಹಕ್ಕು ಮಾರಲು ಹಿಂಜರಿದರು. ಹೊರದೇಶಕ್ಕೆಂದು ಮಾರಿದ ಕ್ಯಾಸೆಟ್ಟುಗಳು ಸುತ್ತಿ ಬಳಸಿ ಇಲ್ಲಿಗೇ ಬಂದು ಕೈಯಿಂದ ಕೈಗೆ ನಕಲಾದವು. ಇದಕ್ಕೆ ಉತ್ತರವಾಗಿ ಬಂದದ್ದು 1984ರ ಹಕ್ಕುಸ್ವಾಮ್ಯ ತಿದ್ದುಪಡಿ. ಅಲ್ಲಿಯವರೆಗೆ ಗರಿಷ್ಠ ಒಂದು ವರ್ಷವಿದ್ದ ಸೆರೆವಾಸ ಮೂರು ವರ್ಷವಾಯಿತು, ಆರು ತಿಂಗಳ ಕನಿಷ್ಠ ಶಿಕ್ಷೆ ಮತ್ತು 50,000 ರೂಪಾಯಿಯ ಕನಿಷ್ಠ ದಂಡ ಬಂದವು. ಮಾರುವ ಪ್ರತಿ ಕ್ಯಾಸೆಟ್ಟಿನ ಮೇಲೂ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು ವಿಳಾಸ ಇರಬೇಕೆಂದಾಯಿತು. ಈ ಷರತ್ತನ್ನು ಗಮನಿಸಿದರೆ ಕಾಯ್ದೆಯ ಕಣ್ಣು ಎತ್ತ ಇತ್ತೆಂದು ತಿಳಿಯುತ್ತದೆ. ಲೇಬಲ್ ಅಂಟಿಸಬೇಕಾದವನು ವ್ಯಾಪಾರಿ. ಭಾನುವಾರದ ಸಿನಿಮಾ ಟೇಪು ಮಾಡಿಕೊಂಡ ಮನೆಯವನನ್ನು ಯಾರೂ ಲೇಬಲ್ ಕೇಳುವುದಿಲ್ಲ.

ಕಾಯ್ದೆಯ ಅಕ್ಷರ ಮಾತ್ರ ಮನೆಯವನಿಗೂ ವಿನಾಯಿತಿ ಕೊಟ್ಟಿರಲಿಲ್ಲ. 1957ರ ಮೂಲ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಅಧ್ಯಯನದಂಥ ಬಳಕೆಗೆ ರಿಯಾಯಿತಿ ಇದ್ದದ್ದು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ; ಸಿನಿಮಾದ ಹೆಸರೇ ಅಲ್ಲಿರಲಿಲ್ಲ. ಪುಸ್ತಕದ ಪುಟ ನಕಲು ಮಾಡಿ ಓದಬಹುದಿತ್ತು, ಸಿನಿಮಾವನ್ನು ನಕಲು ಮಾಡಿ ನೋಡುವಂತಿರಲಿಲ್ಲ. 2012ರ ತಿದ್ದುಪಡಿ ಬಂದು ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು ಉಳಿದ ಯಾವ ಕೃತಿಗಾದರೂ ಖಾಸಗಿ ಬಳಕೆಯ ರಿಯಾಯಿತಿ ಸಲ್ಲುತ್ತದೆ ಎಂದಿತು, ಬಳಕೆ ನ್ಯಾಯವಾಗಿರಬೇಕು ಎಂಬ ಷರತ್ತಿನೊಂದಿಗೆ. ಅಷ್ಟರಲ್ಲಿ ವಿಸಿಆರ್ ಗುಜರಿ ಸೇರಿತ್ತು. ಒಂದಿಡೀ ತಲೆಮಾರು ಕಾಗದದ ಮೇಲೆ ಅಪರಾಧಿಯಾಗಿದ್ದು, ಹಾಗೆಂದು ಯಾರಿಗೂ ಅನ್ನಿಸದೆ ಬದುಕಿತ್ತು. ಜನರ ಸರಿತಪ್ಪಿನ ಲೆಕ್ಕಾಚಾರ ಕಾಯ್ದೆಗಿಂತ ಮೂವತ್ತು ವರ್ಷ ಮುಂದಿತ್ತು ಎನ್ನಬಹುದೇನೋ.

ಹಾಗಾದರೆ ಮನೆಯೊಳಗೆ ಕೂತು ನೋಡಿದ್ದೆಲ್ಲ ಮಾಫಿಯೇ? ಅಲ್ಲ ಎಂದು ತೋರಿಸಿಕೊಟ್ಟದ್ದು ಬಾಂಬೆ ಹೈಕೋರ್ಟಿನ ಗರ್ವಾರೆ ಪ್ಲಾಸ್ಟಿಕ್ಸ್ ಮತ್ತು ಟೆಲಿಲಿಂಕ್ ನಡುವಿನ 1989ರ ಪ್ರಕರಣ. ಟೆಲಿಲಿಂಕ್‌ನಂಥ ಕೇಬಲ್‌ನವರು ಒಂದು ಕಡೆ ವಿಸಿಆರ್ ಇಟ್ಟುಕೊಂಡು, ತಂತಿ ಎಳೆದು, ತಿಂಗಳ ಬಾಡಿಗೆ ಕೊಡುವ ಮನೆಗಳಿಗೆ ಸಿನಿಮಾ ಹರಿಸುತ್ತಿದ್ದರು. ನೋಡುವವರೆಲ್ಲ ತಮ್ಮ ತಮ್ಮ ಮನೆಯಲ್ಲಿದ್ದಾರೆ, ಇದು ಸಾರ್ವಜನಿಕ ಪ್ರದರ್ಶನ ಹೇಗಾಗುತ್ತದೆ ಎಂಬುದು ಅವರ ವಾದ. ನೋಡುಗರು ಎಲ್ಲಿ ಕೂತಿದ್ದಾರೆಂಬುದು ಮುಖ್ಯವಲ್ಲ, ಕಳಿಸುವವನಿಗೆ ಅವರು ಮನೆಮಂದಿಯೋ ಸಾರ್ವಜನಿಕರೋ ಎಂಬುದು ಮುಖ್ಯ ಎಂಬ ಧಾಟಿಯಲ್ಲಿ ನ್ಯಾಯಾಲಯ ಅದನ್ನು ಒಪ್ಪದೆ ಹೋಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ನಮ್ಮ ದೇಶದಿಂದ ಬಂದ ಅತ್ಯಂತ ಉಪಯುಕ್ತವಾದ ಯೋಚನೆ ಇದು. ಹೊಸ್ತಿಲು ಎಂದರೆ ಮರದ ತುಂಡಲ್ಲ, ಸಂಬಂಧದ ಗೆರೆ. ಅಕ್ಕನ ಮನೆಗೆ ಕೊಟ್ಟು ಕಳಿಸಿದ ಕ್ಯಾಸೆಟ್ ಊರಾಚೆ ಹೋದರೂ ಗೆರೆಯೊಳಗೇ ಇರುತ್ತದೆ. ನಡುಮನೆಯಲ್ಲಿ ಕೂತು ಗುರುತಿಲ್ಲದ ಇನ್ನೂರು ಜನಕ್ಕೆ ಹರಿಸಿದ್ದು ಗೆರೆ ದಾಟುತ್ತದೆ.

ಕ್ಯಾಸೆಟ್ಟಿನ ಕಾಲದಲ್ಲಿ ಈ ಗೆರೆಯನ್ನು ಕಾಯಲು ವಸ್ತುವೇ ಸಹಾಯ ಮಾಡುತ್ತಿತ್ತು. ನಕಲಿಗೆ ಎರಡು ವಿಸಿಆರ್ ಬೇಕು. ಒಂದರ ಬೆನ್ನಿನಿಂದ ಇನ್ನೊಂದರ ಬೆನ್ನಿಗೆ ವೈರು ಸಿಕ್ಕಿಸಿ, ಇದರಲ್ಲಿ ಪ್ಲೇ ಅದರಲ್ಲಿ ರೆಕಾರ್ಡ್ ಒತ್ತಿ ಕೂತರೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಎರಡೂವರೆ ಗಂಟೆಯೇ ಬೇಕು, ಅವಸರ ಮಾಡುವಂತಿಲ್ಲ. ಕ್ಯಾಸೆಟ್ಟಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತಿತ್ತು. ಅದನ್ನು ಮುರಿದರೆ ಅದರ ಮೇಲೆ ಬೇರೆ ರೆಕಾರ್ಡ್ ಆಗುತ್ತಿರಲಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಸೆಲೋಟೇಪ್ ಅಂಟಿಸಿದರೆ ಮುಗಿಯಿತು. ಮೊದಲ ನಕಲು ಪರವಾಗಿಲ್ಲ. ನಕಲಿನ ನಕಲಿನಲ್ಲಿ ಕೆಂಪು ಸೀರೆಯ ಬಣ್ಣ ಅಂಚು ಮೀರಿ ಹರಡುತ್ತದೆ. ಅದರ ನಕಲಿನಲ್ಲಿ ಮುಖಗಳು ಮಸುಕಾಗಿ, ಮಾತಿನ ಹಿಂದೆ ಸುಯ್ಯೆಂಬ ಸದ್ದು ಸೇರಿ, ಚಿತ್ರ ಮೇಲಿಂದ ಕೆಳಕ್ಕೆ ಉರುಳತೊಡಗುತ್ತದೆ. ದೂರ ಹೋದಷ್ಟೂ ನಕಲು ತಾನೇ ಸಾಯುತ್ತಿತ್ತು. ಮನೆಯ ನಕಲು ಉದ್ಯಮವನ್ನು ಕೊಲ್ಲಲಿಲ್ಲ ಎಂಬುದಕ್ಕೆ ಜನರ ಒಳ್ಳೆಯತನಕ್ಕಿಂತ ಈ ಸಾವು ದೊಡ್ಡ ಕಾರಣ.

ಡಿಜಿಟಲ್ ಫೈಲಿಗೆ ಆ ಸಾವಿಲ್ಲ. ಸಾವಿರದ ನಕಲೂ ಮೊದಲನೆಯದರ ಹಾಗೇ ಇರುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಅಷ್ಟಾಗಿ ಗಮನಿಸದ್ದು 2001ರಲ್ಲಿ ಬ್ರಾಮ್ ಕೋಹೆನ್ ರೂಪಿಸಿದ ಬಿಟ್‌ಟೊರೆಂಟ್ ಮಾಡಿದ ಬದಲಾವಣೆ. ಟೊರೆಂಟಿನಲ್ಲಿ ಸಿನಿಮಾ ಒಂದೇ ಕಡೆಯಿಂದ ಬರುವುದಿಲ್ಲ; ಸಣ್ಣ ಸಣ್ಣ ಚೂರುಗಳಾಗಿ ಹತ್ತಾರು ಕಂಪ್ಯೂಟರುಗಳಿಂದ ಬರುತ್ತದೆ, ಬಂದ ಚೂರುಗಳನ್ನು ಬೇಡಿದವರಿಗೆ ನಮ್ಮ ಕಂಪ್ಯೂಟರೂ ಅದೇ ಹೊತ್ತಿಗೆ ಕಳಿಸುತ್ತಿರುತ್ತದೆ. ನಾನು ಬರೀ ನೋಡುವವನು ಎನ್ನುವವನು ಪರದೆಯ ಮೂಲೆಯಲ್ಲಿ ಅಪ್‌ಲೋಡ್ ಎಂದು ಏರುತ್ತಿರುವ ಅಂಕಿಯ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ತನಗಾಗಿ ಇಳಿಸಿಕೊಳ್ಳುವುದೂ ಊರಿಗೆ ಹಂಚುವುದೂ ಇಲ್ಲಿ ಒಂದೇ ಕ್ರಿಯೆ. ಬೀಟಾಮ್ಯಾಕ್ಸ್ ತೀರ್ಪಿನ ಆಸರೆ ಅವನಿಗೆ ಸಿಗಲಾರದು, ಏಕೆಂದರೆ ಅವನು ಟೆಲಿಲಿಂಕ್‌ನವರ ಸಾಲಿಗೆ ಸೇರುತ್ತಾನೆ. ಟೆಲಿಗ್ರಾಂ ಗುಂಪಿಗೆ ಹಾಕಿದವನದ್ದೂ ಅದೇ ಕಥೆ. ನಮ್ಮ ಊರುಗಳಲ್ಲಿ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹೊಸ ಸಿನಿಮಾ ಹಾಕಿಸಿಕೊಳ್ಳುತ್ತಿದ್ದ ರೂಢಿಯಲ್ಲಿ ಹಂಚುವವನು ಅಂಗಡಿಯವನು, ಗಿರಾಕಿ ಅವನ ಗಲ್ಲಾ ತುಂಬಿಸಿದವನು. ಸಿನಿಮಾ ಮಾಡಿದವನಿಗೆ ಕೊಡದ ಹತ್ತು ರೂಪಾಯಿಯನ್ನು ನಡುವಿನವನಿಗೆ ಕೊಟ್ಟ ಮೇಲೆ ಬಡತನದ ನೆಪವೂ ಪೂರ್ತಿ ಒಪ್ಪುವಂಥದ್ದಲ್ಲ. ದೆಹಲಿ ಹೈಕೋರ್ಟ್ 2019ರ ಏಪ್ರಿಲಿನಲ್ಲಿ ಯುಟಿವಿ ಪ್ರಕರಣದಲ್ಲಿ ಪೈರಸಿ ಜಾಲತಾಣಗಳನ್ನೂ ಅವುಗಳ ಮರಿ ತಾಣಗಳನ್ನೂ ಮುಚ್ಚಿಸುವ ಆದೇಶ ಕೊಟ್ಟಿತು. ಕದ್ದ ಸಿನಿಮಾ ನೋಡುವವರಿಗೆ ಎಚ್ಚರಿಕೆ ಕೊಟ್ಟು, ಕೇಳದಿದ್ದರೆ ದಂಡ ಹಾಕುವ ನೀತಿಯನ್ನೂ ಸರ್ಕಾರ ಯೋಚಿಸಬಹುದು ಎಂದು ಅದರ ಜೊತೆಗೇ ಸೂಚಿಸಿತು. ಮೊದಲನೆಯದು ಸರಿ. ಎರಡನೆಯದು ಗೇಮಾ ಕೇಳಿದ ಗುರುತಿನ ಚೀಟಿಯ ಇನ್ನೊಂದು ರೂಪ: ಯಾರು ಏನು ನೋಡುತ್ತಿದ್ದಾರೆಂದು ಯಾರೋ ನೋಡುತ್ತಿರದೆ ಅಂಥ ದಂಡ ಸಾಧ್ಯವಿಲ್ಲ.

ಇಷ್ಟೆಲ್ಲ ಗೆರೆ ಎಳೆಯುವುದೇಕೆ, ಕಳವು ಕಳವೇ ಎನ್ನುವವರಿದ್ದಾರೆ. ಆ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟೇ 1985ರ ಡೌಲಿಂಗ್ ಪ್ರಕರಣದಲ್ಲಿ ಪರೀಕ್ಷಿಸಿತು. ಎಲ್ವಿಸ್ ಪ್ರೆಸ್ಲಿಯ ಹಾಡುಗಳ ಅನಧಿಕೃತ ತಟ್ಟೆಗಳನ್ನು ಅಂಚೆಯಲ್ಲಿ ಮಾರುತ್ತಿದ್ದವನನ್ನು ಕದ್ದ ಮಾಲು ಸಾಗಿಸಿದ ಕಾನೂನಿನಡಿ ಶಿಕ್ಷಿಸಲಾಗಿತ್ತು; ಹಕ್ಕಿನ ಉಲ್ಲಂಘನೆ ಬೇರೆ, ಮಾಲಿನ ಕಳವು ಬೇರೆ ಎಂದು ನ್ಯಾಯಾಲಯ ಆ ಶಿಕ್ಷೆಯನ್ನು ರದ್ದು ಮಾಡಿತು. ಬಹುಮತದ ತೀರ್ಪು ಬರೆದವರು, ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ಸ್ಟುಡಿಯೋಗಳ ಪರ ಭಿನ್ನಮತ ಬರೆದಿದ್ದ ಬ್ಲ್ಯಾಕ್‌ಮನ್ ಅವರೇ ಎಂಬುದು ಗಮನಾರ್ಹ. ಉಲ್ಲಂಘನೆ ತಪ್ಪಲ್ಲವೆಂದೇನೂ ಇದರ ಅರ್ಥವಲ್ಲ. ಕದ್ದವನಿಂದ ಮಾಲು ವಾಪಸು ಪಡೆಯಬಹುದು, ಇಲ್ಲಿ ವಾಪಸು ಪಡೆಯಲು ಏನೂ ಇಲ್ಲ. ಹೋದದ್ದು ಮಾರುವ ಅವಕಾಶ. ತಪ್ಪಿನ ಸ್ವರೂಪ ತಿಳಿಯದೆ ಶಿಕ್ಷೆ ಅಳೆದರೆ ನಮ್ಮ ರಾಜ್ಯದಲ್ಲಿ ಆದಂತೆ ಆಗುತ್ತದೆ. ನಾವು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕರ್ನಾಟಕದ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಈಗ ವಿಡಿಯೋ ಮತ್ತು ಆಡಿಯೋ ಪೈರೇಟುಗಳೂ ಇದ್ದಾರೆ, ಕಳ್ಳಭಟ್ಟಿಯವರು ಮತ್ತು ಗೂಂಡಾಗಳ ಜೊತೆ. ವಿಚಾರಣೆಯಿಲ್ಲದೆ ಒಂದು ವರ್ಷದ ತನಕ ಒಳಗಿಡಲು ಅದು ಅವಕಾಶ ಕೊಡುತ್ತದೆ. ತಮಿಳುನಾಡು 2004ರಲ್ಲೇ ಹೀಗೆ ಮಾಡಿತ್ತು. ದೊಡ್ಡ ಜಾಲ ನಡೆಸುವವನ ಮೇಲೂ ಇದು ಅತಿಯಾಯಿತು. ಹೊಟ್ಟೆಪಾಡಿಗೆ ಫುಟ್‌ಪಾತಿನಲ್ಲಿ ಸಿಡಿ ಹರವಿಕೊಂಡವನ ಮೇಲಂತೂ ಹೇಳುವುದೇ ಬೇಡ.

ಎದುರು ಕಡೆಯ ನೆಪಗಳಿಗೂ ಉತ್ತರ ಬೇಕು. ದುಡ್ಡು ಕೊಟ್ಟು ನಾನು ಹೇಗೂ ನೋಡುತ್ತಿರಲಿಲ್ಲ, ಆದ್ದರಿಂದ ಯಾರಿಗೂ ನಷ್ಟವಿಲ್ಲ ಎಂಬುದು ಒಬ್ಬನ ಮಟ್ಟಿಗೆ ನಿಜವೇ ಇರಬಹುದು. ಆದರೆ ಅವನ ಕೈಯಿಂದ ಮುಂದೆ ಹೋದ ನಕಲು ದುಡ್ಡು ಕೊಡುತ್ತಿದ್ದವನನ್ನೂ ಕೊಡದವನನ್ನೂ ವಿಚಾರಿಸಿ ಹೋಗುವುದಿಲ್ಲ. ಹೀರೋಗೆ ಕೋಟಿಗಟ್ಟಲೆ ಸಂಭಾವನೆ ಇದೆಯಲ್ಲ ಎನ್ನುವವರು ಮರೆಯುವುದೇನೆಂದರೆ, ನಷ್ಟ ಹೀರೋನ ತನಕ ಹೋಗುವುದಕ್ಕಿಂತ ಮೊದಲು ಬಡ್ಡಿಗೆ ಸಾಲ ತಂದ ನಿರ್ಮಾಪಕನ ಬಳಿ ನಿಲ್ಲುತ್ತದೆ. ಕನ್ನಡದಲ್ಲಿ ದೊಡ್ಡ ಹೆಸರಿಲ್ಲದ ಸಿನಿಮಾ ಶುಕ್ರವಾರ ತೆರೆಕಂಡು ಸೋಮವಾರದ ಹೊತ್ತಿಗೆ ಥಿಯೇಟರ್ ಕಳೆದುಕೊಳ್ಳುವ ಅಪಾಯದಲ್ಲೇ ಇರುತ್ತದೆ. ಆ ಮೂರು ದಿನದೊಳಗೆ ಕ್ಯಾಮೆರಾ ಪ್ರಿಂಟ್ ಹರಿದಾಡಿದರೆ ಚೇತರಿಸಿಕೊಳ್ಳಲು ಅದಕ್ಕೆ ಇನ್ನೊಂದು ವಾರ ಸಿಗುವುದಿಲ್ಲ. ಕೇಂದ್ರದ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಥಿಯೇಟರಿನೊಳಗಿನ ಚಿತ್ರೀಕರಣಕ್ಕೆ ಕನಿಷ್ಠ ಮೂರು ತಿಂಗಳ ಸೆರೆ ಮತ್ತು ಮೂರು ಲಕ್ಷ ದಂಡ, ಗರಿಷ್ಠ ಮೂರು ವರ್ಷ ಸೆರೆ ಮತ್ತು ತಯಾರಿಕೆಯ ವೆಚ್ಚದ ಶೇಕಡಾ 5ರವರೆಗೆ ದಂಡ ವಿಧಿಸಿದೆ. ಕಠಿಣವೇ ಹೌದು, ಆದರೂ ನಕಲು ಹುಟ್ಟುವ ಜಾಗವನ್ನು ಅದು ಸರಿಯಾಗಿ ಗುರುತಿಸಿದೆ.

ಸಿಗುವುದಿಲ್ಲ, ಅದಕ್ಕೇ ನಕಲು ಎಂಬ ನೆಪಕ್ಕೆ ಮಾತ್ರ ನಿಜವಾದ ತೂಕವಿದೆ. ಅಮೆರಿಕದಲ್ಲಿ ಕನ್ನಡ ಸಿನಿಮಾ ಥಿಯೇಟರಿಗೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ, ಇಲ್ಲಿನ ಪಾಲ್ ಕ್ಯಾಸೆಟ್ಟನ್ನು ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಗೆ ಇಳಿಸಿಕೊಂಡು ನೋಡಿದ ಕನ್ನಡಿಗ ಯಾರ ವ್ಯಾಪಾರವನ್ನೂ ಕೆಡಿಸಲಿಲ್ಲ; ಅಲ್ಲಿ ಅಂಥ ವ್ಯಾಪಾರವೇ ಇರಲಿಲ್ಲ. ಮಾರುವವರು ಮುಂದೆ ಬಂದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ ಅಧಿಕೃತ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಾಗ ನಕಲಿ ಡಿಸ್ಕಿಗೂ ಅಸಲಿಗೂ ಬೆಲೆಯ ಅಂತರವೇ ಉಳಿಯಲಿಲ್ಲ. ಕಂಪನಿ ಮುಂದೆ ದಿವಾಳಿಯೆದ್ದಿತು, ಬೆಲೆ ಇಳಿಸಿದರೆ ಎಲ್ಲವೂ ಸರಿಹೋಗುತ್ತದೆಂದು ಇದರಿಂದ ಹೇಳಲಾಗದು. ಆದರೆ ಇಲ್ಲಿನ ಜನ ಕೊಳ್ಳುವವರೇ ಅಲ್ಲ ಎಂಬ ಹಳೆಯ ದೂರು ಆಮೇಲೆ ನಿಲ್ಲುವುದಿಲ್ಲ. 2024ರಲ್ಲಿ ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ‘ಏಕಂ’ ಸರಣಿಗೆ ಓಟಿಟಿಯ ಬಾಗಿಲು ತೆರೆಯದಿದ್ದಾಗ ತಾನೇ ಜಾಲತಾಣ ಕಟ್ಟಿ ಮಾರಾಟಕ್ಕಿಟ್ಟಿತು. ಮಾಡಿದವನೇ ಬೆಲೆ ಹೇಳಿ ಎದುರಿಗೆ ನಿಂತಿರುವಾಗ ಅದನ್ನು ಕದ್ದು ಹಂಚುವುದಕ್ಕೆ ಯಾವ ನೆಪವೂ ಇಲ್ಲ.

ಇನ್ನೊಂದು ಸಂಗತಿ ಸಂರಕ್ಷಣೆಯದು. ಬಿಬಿಸಿ ಅರವತ್ತು ಎಪ್ಪತ್ತರ ದಶಕಗಳಲ್ಲಿ ಜಾಗ ಮತ್ತು ಹಣ ಉಳಿಸಲು ತನ್ನ ಟೇಪುಗಳನ್ನು ಅಳಿಸಿತು. ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತಿಗೂ ಇಲ್ಲ, ಆದರೆ ಅಷ್ಟೂ ಕಂತುಗಳ ಧ್ವನಿ ಇದೆ. ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಅಭಿಮಾನಿಗಳ ಕೆಲಸ ಅದು. ಆ ಧ್ವನಿಯನ್ನೇ ಆಮೇಲೆ ಬಿಬಿಸಿ ಮಾರಾಟ ಮಾಡಿತು. ನಮ್ಮ ಮೊದಲ ಮಾತಿನ ಚಿತ್ರ, ವೈ.ವಿ. ರಾವ್ ನಿರ್ದೇಶನದ 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಅದರ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ, ಯಾರು ಬೇಕಾದರೂ ನಕಲು ಮಾಡಬಹುದು, ಮಾಡಲು ಚಿತ್ರವೇ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಚಿತ್ರ ಬಂದು ಮೂವತ್ತು ವರ್ಷದ ಮೇಲೆ. ಮನೆಮನೆಯ ನಕಲುಗಾರರು ಸಂರಕ್ಷಣೆಯ ಉದ್ದೇಶದಿಂದ ಟೇಪು ಮಾಡಿದವರಲ್ಲ ನಿಜ, ಕಾಯ್ದೆ ಉದ್ದೇಶವನ್ನೇ ನೋಡಬೇಕೆಂದೂ ವಾದಿಸಬಹುದು. ಆದರೆ ಹಕ್ಕುದಾರ ತಾನೇ ಅಳಿಸಿದ ಮೇಲೆ ಬೇರೆಯವರ ಕಪಾಟಿನಲ್ಲಿ ಉಳಿದದ್ದನ್ನು ಅಪರಾಧವೆನ್ನಲು ಅವನಿಗೆ ಬಾಯಿ ಎಲ್ಲಿರುತ್ತದೆ?

1984ರ ತೀರ್ಪು ಬದಿಗಿಟ್ಟ ಸಂಗ್ರಹದ ಪ್ರಶ್ನೆ ಓಟಿಟಿಯ ಕಾಲದಲ್ಲಿ ಇನ್ನೊಂದು ದಾರಿಯಿಂದ ಮರಳಿ ಬಂದಿದೆ. ಡೌನ್‌ಲೋಡ್ ಒತ್ತಿದ ಸಿನಿಮಾ ಆ್ಯಪಿನೊಳಗೇ ಕೂತು ಕೆಲವು ದಿನಕ್ಕೆ ಮಾಯವಾಗುತ್ತದೆ. ಚಂದಾ ಕಟ್ಟುತ್ತಿರುವಾಗಲೇ ಪಟ್ಟಿಯಿಂದ ಸಿನಿಮಾ ಹೊರಟುಹೋಗುವುದೂ ಉಂಟು. ಬೀಗ ಮುರಿದು ಮನೆಗೊಂದು ಪ್ರತಿ ಇಟ್ಟುಕೊಳ್ಳಬಹುದೇ? 2012ರ ತಿದ್ದುಪಡಿಯ 65ಎ ಕಲಮು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನನ್ನು ಅಪರಾಧಿ ಎನ್ನುತ್ತದೆ, ಬರೀ ಬೀಗ ಮುರಿದವನನ್ನಲ್ಲ. ಹಣ ಕೊಟ್ಟು ಕೊಂಡ ಡಿಸ್ಕಿನ ಪ್ರತಿ ಮಾಡಿಟ್ಟುಕೊಳ್ಳುವವನ ಬಗ್ಗೆ ನನಗೆ ಅನುಮಾನವೇ ಇಲ್ಲ, ಅದು ಅವನ ಹಕ್ಕು. ಒಂದು ತಿಂಗಳ ಚಂದಾ ಕಟ್ಟಿ ನೂರು ಸಿನಿಮಾ ಇಳಿಸಿ ಚಂದಾ ನಿಲ್ಲಿಸುವವನು ಬಾಡಿಗೆಗೆ ತಂದದ್ದನ್ನು ತನ್ನದೆನ್ನುತ್ತಿದ್ದಾನೆ. ಹೊರಗೆ ಹಂಚದಿದ್ದರೆ ಅವನ ತಪ್ಪು ಚಿಕ್ಕದು, ಆದರೂ ತಪ್ಪು. ಆ ನೂರರಲ್ಲಿ ಒಂದು ಮುಂದೆ ಯಾವ ಓಟಿಟಿಯಲ್ಲೂ, ಯಾವ ಡಿಸ್ಕಿನಲ್ಲೂ ಸಿಗದಂತಾದರೆ ಆ ಒಂದರ ಮಟ್ಟಿಗೆ ಹಕ್ಕುದಾರನ ದೂರು ತೆಳುವಾಗುತ್ತದೆ, ಮತ್ತೆ ಅದನ್ನು ಮಾರಾಟಕ್ಕೆ ತರುವ ತನಕ.